ಬಾಣಂತಿ ಕೋಣೆಯ ಗ್ಯಾಸಿನ ಶೆಗಡಿ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಭಾಲ್ಕಿಯ ಬಜಾರಿನಲ್ಲಿ ಪೇಢೆ ಹಂಚಿದರು. ಮಚ್ಛೇಂದ್ರನ ಪಾಲಿಗೆ ಬಂದದ್ದು ಪೇಢೆಯಲ್ಲ, ಚಳಿ ಕಾಯಿಸುವ ಒಂದು ಹಿತ್ತಾಳೆಯ ಶೆಗಡಿ. ಅವನು ಜವಾನನಾಗಿದ್ದ ಬೀದರಿನ ಬಂಗಲೆಯ ಸಾಹೇಬರು ಸಾಮಾನು ಕಟ್ಟಿಕೊಂಡು ಹೈದರಾಬಾದಿಗೆ ಹೊರಟರು. ಅವರ ಬೇಗಂ ಹಮೀದುನ್ನಿಸಾ ವರಾಂಡದ ಮೂಲೆಗೆ ಕೈತೋರಿಸಿ, "ಅದು ನೀನೇ ಇಟ್ಕೊ ಮಚ್ಛೇಂದ್ರ, ರೈಲಿನ್ಯಾಗ ಹಾಕಿದ್ರ ಮುರಿತದ" ಎಂದಿದ್ದರು. ನೌಕರಿ ಹೋಯಿತು, ಶೆಗಡಿ ಬಂತು. ಹೊಸ ಸರ್ಕಾರ ಕರೆದಾಗ ಕರೆಯಲಿ ಎಂದು ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ತನ್ನೂರು ಭಾಲ್ಕಿಯ ರೈಲು ಹತ್ತಿದ.

ಅದು ಇದ್ದಿಲಿನ ಶೆಗಡಿ ಅಲ್ಲ. ಕೆಳಗೆ ಚಿಮಣಿ ಎಣ್ಣೆ ತುಂಬುವ ಟಾಕಿ, ಮಗ್ಗುಲಿಗೆ ಗಾಳಿ ಹೊಡೆಯುವ ಪಂಪು, ಮೇಲೆ ಪರಾತದಷ್ಟು ಅಗಲವಾದ ತಾಮ್ರದ ಬಟ್ಟಲು. ಮೊದಲು ಒಂದಿಷ್ಟು ಸ್ಪಿರಿಟ್ ಸುಟ್ಟು ಕಾಯಿಸಿ, ಆಮೇಲೆ ಪಂಪು ಹೊಡೆದರೆ ಸುಂಯ್ ಎಂದು ಉರಿದು ಬಟ್ಟಲು ಕಾವು ಚೆಲ್ಲುತ್ತಿತ್ತು. ಸಾಹೇಬರ ಮನೆಯವರು ಚಳಿಗಾಲದಲ್ಲಿ ವರಾಂಡದಲ್ಲಿ ಕುರ್ಚಿ ಹಾಕಿಸಿ ಅದರ ಮುಂದೆ ಚಹಾ ಕುಡಿಯುತ್ತಿದ್ದರು. ಒಳಗೆ ಬೆಚ್ಚಗೆ ಕೂಡುವುದು ಬಿಟ್ಟು ಹೊರಗೆ ಕೂತು ಬೆಚ್ಚಗಾಗುವುದು ದೊಡ್ಡವರ ಶೋಕಿ ಎಂದೇ ಮಚ್ಛೇಂದ್ರ ತಿಳಿದಿದ್ದ. ಗ್ಯಾಸ್ ಬತ್ತಿಯ ಹಾಗೆ ಸದ್ದು ಮಾಡುತ್ತದೆಂದು ಮಚ್ಛೇಂದ್ರನ ಮನೆಯವರು ಅದಕ್ಕೆ ಗ್ಯಾಸಿನ ಶೆಗಡಿ ಎಂದು ಹೆಸರಿಟ್ಟರು.

ಅವನ ತಂದೆ ಕಾಶೀರಾಮ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಹೊರುವವ. ರೊಟ್ಟಿ ಮುರಿಯುತ್ತ ಕೂತವನು ಶೆಗಡಿ ನೋಡಿ ನಕ್ಕ. ಅದು ಖುಷಿಯ ನಗೆಯಲ್ಲ.

"ಪಗಾರ ತರ್ತಾನ ಅಂತ ಕಾದ್ರ, ಎಣ್ಣಿ ಕುಡಿಯೋದು ಇನ್ನೊಂದು ಬಾಯಿ ತಂದಾನ ನೋಡು."

"ವಿಲಾಯ್ತಿ ಮಾಲ್ ಅದ ಬಾಬಾ. ಚಳ್ಯಾಗ ಉಪಯೋಗಕ್ಕ ಬರ್ತದ."

"ಚಳಿಗಿ ನನಗ ಕಂಬಳಿ ಅದ. ಹೊಟ್ಟಿಗಿ ಏನದ?"

"ಉಣ್ಣಾಕ ಕುಂತಾಗ ಜಗಳ ಬ್ಯಾಡ್ರಿ" ಎಂದು ತಾಯಿ ಕೌಸಲ್ಯಾಬಾಯಿ ಗಂಡನ ತಾಟಿಗೆ ಬೇಳೆ ಸುರಿದಳು. "ಬಸುರಿ ಕೇಳ್ಲತ್ತಾಳ."

ಬಸುರಿಯೆಂದರೆ ಸೊಸೆ ಶಾಲುಬಾಯಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಔರಾದಿನಿಂದ ಅವಳ ತಾಯಿ ಸುಭದ್ರಾಬಾಯಿ ಬಸ್ಸಿಗೆ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು. ಆದರೆ ಎಂಟು ತಿಂಗಳು ತುಂಬುವ ಮೊದಲೇ, ಚಳಿ ಬಿದ್ದ ವಾರವೇ ಬೇನೆ ಬಂತು. ಹುಟ್ಟಿದ್ದು ಹೆಣ್ಣು ಕೂಸು. ಬೆಕ್ಕಿನ ಮರಿಯಷ್ಟೇ ಇತ್ತು. ಸೂಲಗಿತ್ತಿ ಅದನ್ನು ಅರಳೆಯಲ್ಲಿ ಸುತ್ತಿ ಕೊಡುವಾಗ ಯಾರ ಮುಖವನ್ನೂ ನೋಡಲಿಲ್ಲ.

ಕೌಸಲ್ಯಾಬಾಯಿ ಕೂಸನ್ನು ಎದೆಗವಚಿಕೊಂಡು ಒಂದೇ ಮಾತು ಹೇಳಿದಳು: "ಈ ಸಲ ಗಾಳಿ ಒಳಗ ಬರಲಾಕ ಬಿಡೂದಿಲ್ಲ."

ಮಚ್ಛೇಂದ್ರನಿಗಿಂತ ಮೊದಲು ಅವಳಿಗೆ ಮೂರು ಮಕ್ಕಳಾಗಿದ್ದವು. ಮೂರೂ ಇದೇ ಕೋಣೆಯಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ಇದೇ ಕೋಣೆಯಲ್ಲಿ ಹೋದವು. ಗಾಳಿ ಹೊಡೆದು ಹೋದವು ಎಂದು ಓಣಿಯೆಲ್ಲ ಹೇಳಿತ್ತು. ಒಂದು ಹೋದಾಗ ಕಿಟಕಿ ಮುಚ್ಚಿಸಿದ್ದಳು, ಇನ್ನೊಂದು ಹೋದಾಗ ಬಾಗಿಲ ಸಂದಿ ಮುಚ್ಚಿದ್ದಳು. ಈಗ ಮೊಮ್ಮಗಳ ಸಲುವಾಗಿ ಏನನ್ನೂ ಬಿಡಲಿಲ್ಲ. ಮಾಳಿಗೆಯ ಬೆಳಕಿಂಡಿಗೆ ಬಂಡೆ ಎಳೆಸಿ ಸುತ್ತ ಮಣ್ಣು ಮೆತ್ತಿಸಿದಳು. ಕಿಟಕಿಗೆ ಗೋಣಿಚೀಲ ಬಡಿಸಿದಳು. ಬಾಗಿಲ ಬಿರುಕಿಗೆಲ್ಲ ಹಳೆಯ ಸೀರೆಯ ಚೂರು ತುರುಕಿದಳು. ಬಾಣಂತಿಯ ಕಿವಿಗೆ ಅರಳೆ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಇದ್ದಿಲಿನ ಶೆಗಡಿ, ಅದರ ಮೇಲೆ ಲೋಬಾನ. ಓಣಿಯ ಯಾವ ಬಾಣಂತಿಗೂ ಇಷ್ಟು ಭದ್ರವಾದ ಕೋಣೆ ಸಿಕ್ಕಿರಲಿಲ್ಲ, ಮತ್ತು ಅದನ್ನು ನೋಡಿ ಹೋದ ಹೆಂಗಸರೆಲ್ಲ ಕೌಸಲ್ಯಾಬಾಯಿಯನ್ನು ಹೊಗಳಿದರು.

ಅವಳ ಅಂತಃಕರಣದ ಬಗ್ಗೆ ಯಾರೂ ಒಂದು ಮಾತು ಆಡುವ ಹಾಗಿರಲಿಲ್ಲ. ತಾನು ಮುಂಜಾನೆಯ ತಂಗಳು ರೊಟ್ಟಿ ತಿಂದು ಸೊಸೆಗೆ ಬಿಸಿ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಸಾರು, ಅಳವಿಯ ಪಾಯಸ ಮಾಡಿ ಕೊಡುತ್ತಿದ್ದಳು. ಕೂಸಿನ ಅರಿವೆ ತಾನೇ ಒಗೆಯುತ್ತಿದ್ದಳು. ಕಣ್ಣು ಕೆಂಪಗಾಗಿದ್ದರೂ ಅವರಿಬ್ಬರ ಕಾವಲು ಬಿಟ್ಟು ಏಳುತ್ತಿರಲಿಲ್ಲ.

ಆದರೂ ಕೂಸು ಮೈ ಹಿಡಿಯಲಿಲ್ಲ. ಮೊಲೆಗೆ ಬಾಯಿ ಹಚ್ಚಿದರೆ ಎರಡು ಸಲ ಚೀಪಿ ಜೋತು ಬೀಳುತ್ತಿತ್ತು. ದವಾಖಾನೆಯ ಕಂಪೌಂಡರನು ಮನೆಗೆ ಬಂದು, ಅಂಗಳದಲ್ಲೇ ನಿಂತು ಕೂಸಿನ ಪಾದ ಮುಟ್ಟಿ ನೋಡಿ, "ದಿನಾ ತುಂಬದ ಕೂಸು ಅದ. ಬೆಚ್ಚಗ ಇಡ್ರಿ, ಹಾಲು ಕುಡಸ್ರಿ. ಬ್ಯಾರೆ ಔಷಧ ಇಲ್ಲ" ಎಂದು ಹೋದ.

ಬೆಚ್ಚಗೆ ಎಂದ ಕೂಡಲೇ ಮಚ್ಛೇಂದ್ರನಿಗೆ ತನ್ನ ಶೆಗಡಿ ನೆನಪಾಯಿತು. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಮಾಡಿದ. ಅಂಗಳದಲ್ಲಿ ಹೊತ್ತಿಸಿದಾಗ ನೀಲಿ ಉರಿ ಎದ್ದು, ಮೂರು ಮಾರು ದೂರ ನಿಂತ ಕಾಶೀರಾಮನ ಮೊಳಕಾಲಿಗೂ ಕಾವು ಬಡಿಯಿತು.

"ಹೊಗಿ ಇಲ್ಲ, ಬೂದಿ ಇಲ್ಲ. ಕೂಸಿನ ಕಣ್ಣಿಗಿ ಛಲೋ ನೋಡು ಯವ್ವಾ" ಎಂದ ಮಚ್ಛೇಂದ್ರ. ಮನೆಯಲ್ಲಿ ಅವನ ಮಾತಿಗೆ ಬೆಲೆ ಇಲ್ಲದೆ ಬಹಳ ದಿನವಾಗಿತ್ತು, ಆವತ್ತು ಬಂತು. ಕೌಸಲ್ಯಾಬಾಯಿ ಇದ್ದಿಲಿನ ಶೆಗಡಿ ಹೊರಗಿಟ್ಟು ಇದನ್ನು ಒಳಗಿಡಿಸಿಕೊಂಡು ಬಾಗಿಲು ಹಾಕಿದಳು.

ಸ್ವಲ್ಪ ಹೊತ್ತು ಕೋಣೆ ಬೇಸಿಗೆಯಾಯಿತು. ಆಮೇಲೆ ಸುಂಯ್ ಎಂಬ ಸದ್ದು ತಗ್ಗಿತು, ನೀಲಿ ಉರಿ ಹಳದಿಯಾಯಿತು, ಬಟ್ಟಲಿಗೆ ಮಸಿ ಹಿಡಿಯಿತು. ಮಚ್ಛೇಂದ್ರ ಒಳಗೆ ಬಂದು ಪಂಪು ಹೊಡೆದರೆ ತುಸು ಏಳುವುದು, ಬಾಗಿಲು ಮುಚ್ಚಿದರೆ ಮತ್ತೆ ಕುಂದುವುದು.

ಅಲ್ಲಿಂದ ಆ ಮನೆಗೆ ಶೆಗಡಿಯ ಕಾಟ ಸುರುವಾಯಿತು. ಉರಿ ಬರುವ ತೂತು ಕಟ್ಟಿದೆಯೆಂದು ಮಚ್ಛೇಂದ್ರ ಪಿನ್ನು ಹಾಕಿ ಚುಚ್ಚಿದ. ಎಣ್ಣೆಯಲ್ಲಿ ನೀರು ಬೆರೆಸಿದ್ದಾರೆಂದು ಅಂಗಡಿಯವನೊಡನೆ ಜಗಳ ತೆಗೆದು, ಧೋತರದ ನಾಲ್ಕು ಪದರಿನಲ್ಲಿ ಸೋಸಿದ. ಪಂಪಿನ ತೊಗಲಿನ ವಾಷರ್ ಒಣಗಿದೆಯೆಂದು ಕುಸುಬೆ ಎಣ್ಣೆಯಲ್ಲಿ ನೆನೆಸಿ ಹಾಕಿದ. ಟಾಕಿಯ ಮುಚ್ಚಳದಲ್ಲಿ ಗಾಳಿ ಸೋರುತ್ತದೆಂದು ಸಾಬೂನಿನ ನೊರೆ ಹಚ್ಚಿ ನೋಡಿದ, ಗುಳ್ಳೆ ಏಳಲಿಲ್ಲ. ಪ್ರತಿ ಸಲವೂ ಅಂಗಳದಲ್ಲಿ ಹೊತ್ತಿಸಿ ಪರೀಕ್ಷೆ ಮಾಡುವನು. ಅಂಗಳದಲ್ಲಿ ಅದು ರಾಜನ ಹಾಗೆ ಉರಿಯುವುದು. ಕೋಣೆಗೆ ಒಯ್ದರೆ ಸತ್ತ ಮೋರೆ.

"ನಮ್ಮನಿ ಒಗ್ಗವಲ್ದು ಅದಕ್ಕ. ಬಂಗಲಾದಾಗ ಇದ್ದದ್ದು" ಎಂದು ಕಾಶೀರಾಮ ಚುಚ್ಚಿದ. "ಎಣ್ಣಿಗಿ ಹೋದ ರೊಕ್ಕದಾಗ ಜ್ವಾಳ ಬರ್ತಿತ್ತು."

"ಕೂಸಿನ ಮುಂದ ಜ್ವಾಳದ ಲೆಕ್ಕ ಹೇಳ್ತೀರಿ?"

"ಕೂಸಿಗಿ ಹಾಲು ಬರ್ಬೇಕಂದ್ರ ತಾಯಿ ಹೊಟ್ಟಿಗಿ ಜ್ವಾಳ ಬೀಳ್ಬೇಕು ಮಗನ. ಚೀಲ ಹೊರಾಂವ ನಾನಿದ್ದೀನಿ, ನೀ ಅಲ್ಲ."

ಮಚ್ಛೇಂದ್ರ ಕೈಯಲ್ಲಿದ್ದ ಪಿನ್ನು ಒಗೆದು ಹೊರಗೆ ಹೋದ. ತುಸು ಹೊತ್ತಿಗೆ ಬಂದು ಅದೇ ಪಿನ್ನನ್ನು ಮಣ್ಣಿನಲ್ಲಿ ಹುಡುಕಿದ. ಅವನಿಗೆ ಬೇರೆ ಮಾಡುವಂಥದ್ದು ಏನೂ ಇರಲಿಲ್ಲ.

ಸುಭದ್ರಾಬಾಯಿ ಔರಾದಿನಿಂದ ಬಂದಳು. ಮಗಳ ಮೋರೆ ನೋಡಿ ಹೌಹಾರಿದಳು. ಬಾಣಂತಿಯೆಂದರೆ ತುಂಬಿಕೊಳ್ಳಬೇಕು, ಇವಳು ಬೂದಿ ಬಣ್ಣಕ್ಕೆ ತಿರುಗಿದ್ದಳು. ತಲೆ ಸಿಡಿಯುತ್ತದೆನ್ನುವಳು, ಉಂಡದ್ದು ಕಾರಿಕೊಳ್ಳುವಳು. ಕೌಸಲ್ಯಾಬಾಯಿಯೂ ಹಣೆಗೆ ಬಟ್ಟೆ ಬಿಗಿದುಕೊಂಡೇ ತಿರುಗುತ್ತಿದ್ದಳು.

"ಬೀಗತಿ, ಇಷ್ಟು ಬಂದೋಬಸ್ತ್ ಯಾಕ್ರಿ? ನಮ್ಮ ಔರಾದಾಗ ಗುಡಿಸಲದಾಗೇ ಬಾಣಂತನ ಮಾಡ್ತೇವಿ."

"ನಿಮ್ಮ ಕೂಸುಗೋಳು ಉಳಿದಾವ, ನೀವು ಏನರೇ ಅಂತೀರಿ. ನಾ ಮೂರು ಮಣ್ಣಾಗ ಇಟ್ಟೀನಿ." ಸುಭದ್ರಾಬಾಯಿ ಒಲೆಯ ಮುಂದೆ ಹೋಗಿ ಕೂತಳು.

ಕೋಣೆಯಲ್ಲಿ ಬಿದ್ದುಕೊಂಡಿದ್ದ ಶಾಲುಬಾಯಿಗೆ ನೋಡುವುದಕ್ಕೆ ಇದ್ದದ್ದು ಎರಡೇ, ಕೂಸು ಮತ್ತು ಶೆಗಡಿ. ನೋಡಿ ನೋಡಿ ಅವಳಿಗೆ ಒಂದು ಸಂಗತಿ ತಿಳಿಯಿತು. ಮುಂಜಾನೆ ನೀರು ಹಾಕಲು ಅಂಗಳದ ಬಚ್ಚಲಿಗೆ ಒಯ್ದಾಗ ಕೂಸು ಅಳುತ್ತಿತ್ತು, ಕಾಲು ಝಾಡಿಸುತ್ತಿತ್ತು, ಬಂದ ಕೂಡಲೇ ಗಟ್ಟಿಯಾಗಿ ಹಾಲು ಕುಡಿಯುತ್ತಿತ್ತು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತಾದರೆ ಮತ್ತೆ ಜೋತು ಬೀಳುತ್ತಿತ್ತು. ಗಂಡ ಪಂಪು ಹೊಡೆಯಲು ಬಂದಾಗ ಹೇಳಿದಳು.

"ಒಂದು ಮಾತು ಕೇಳ್ರಿ. ಶೆಗಡಿ ಹೊರಗ ಛಲೋ ಉರಿತದ, ಕೂಸೂ ಹೊರಗ ಛಲೋ ಅಳ್ತದ. ಒಳಗ ಬಂದ್ರ ಎರಡೂ ಆರ್ತಾವ. ರೋಗ ಅವಕ್ಕಿಲ್ಲ, ಈ ಕೋಣಿಗಿ ಅದ."

ಮಚ್ಛೇಂದ್ರ ಪಂಪಿನ ಮೇಲೆ ಕೈಯಿಟ್ಟುಕೊಂಡೇ ಹೆಂಡತಿಯ ಮೋರೆ ನೋಡಿದ. ಬಾಗಿಲ ಬಳಿ ಕೂತಿದ್ದ ತಾಯಿಗೂ ಆ ಮಾತು ಕೇಳಿಸಿತ್ತು.

"ಬಾಣಂತಿ ನೆತ್ತಿಗಿ ಗಾಳಿ ಏರ್ಯದ, ಏನೇನೋ ಮಾತಾಡ್ತಾಳ" ಎಂದಳು ಕೌಸಲ್ಯಾಬಾಯಿ. "ಕೋಣ್ಯಾಗ ಎಲ್ಲೋ ಸಂದಿ ಅದ. ಗಾಳಿ ಬಂದೇ ಉರಿ ತಗ್ಗತದ. ನೀ ಬೀದರಕ್ಕ ಒಯ್ದು ಅದನ್ನ ದುರಸ್ತ್ ಮಾಡಿಸು. ನಾ ಸಂದಿ ನೋಡ್ತೇನಿ."

ಮಚ್ಛೇಂದ್ರ ತಾಯಿಯ ಮಾತು ಮೀರಲಿಲ್ಲ. ಹೆಂಡತಿಯ ಮಾತು ನಿಜವಾಗಿದ್ದರೆ ತಾನು ತಂದ ಶೆಗಡಿ ದಂಡ ಎಂಬುದೂ ಅವನಿಗೆ ಬೇಕಿರಲಿಲ್ಲ.

ಗಂಡ ಅಡತಿಗೆ ಹೋಗುವ ಮುಂಚೆ ಕೌಸಲ್ಯಾಬಾಯಿ ಮೆಲ್ಲಗೆ ಅವನ ಹತ್ತಿರ ಬಂದಳು. ಕಾಶೀರಾಮ ದೀಪಾವಳಿಗೆ ಮುಂಚೆ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದಿದ್ದ, ಮನೆಯ ಗೂಡಿನಲ್ಲಿದ್ದ ದೇವರುಗಳನ್ನು ಹೊಳೆಗೆ ಬಿಟ್ಟಿದ್ದ.

"ಮರಗಮ್ಮಗ ಒಂದು ಕಾಯಿ ಬೇಡ್ಕೊತೇನಿ. ಬರೇ ಒಂದು ಕಾಯಿ."

"ಮೂರು ಸಲ ಬೇಡ್ಕೊಂಡಿದ್ದಿ. ಏನು ಕೊಟ್ಟಳು?"

"ಹಂಗಂದ್ರ ಈಗ ಯಾರಿಗಿ ಹೇಳ್ಲಿ? ಹೇಳ್ಕೊಳಾಕ ಒಂದು ಜಾಗಾನೂ ಇಲ್ಲದಂಗ ಮಾಡಿದ್ರಿ."

ಕಾಶೀರಾಮ ತಲೆಗೆ ರುಮಾಲು ಸುತ್ತಿಕೊಂಡು ಎದ್ದ. ಅಡತಿಗೆ ಹೋಗುವಾಗ ಅವನ ಕಣ್ಣು ತುಂಬಿದ್ದು ಬೀಗತಿಗೆ ಕಂಡಿತು.

ಬೀದರಿನಲ್ಲಿ ಗ್ಯಾಸ್ ಬತ್ತಿ ರಿಪೇರಿ ಮಾಡುವ ಮುನೀರೋದ್ದೀನ, ಬಂಗಲೆಯ ಸಾಹೇಬರ ಕಾಲದಿಂದಲೂ ಗುರುತಿನವ. ಶೆಗಡಿಯನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಉಫ್ ಎಂದು ಊದಿ, ಮತ್ತೆ ಜೋಡಿಸಿ ಅಂಗಡಿಯ ಮುಂದೆ ರಸ್ತೆಯಲ್ಲಿ ಹೊತ್ತಿಸಿದ. ಮಧ್ಯಾಹ್ನವೆಲ್ಲ ಅದು ಉರಿಯಿತು. ಚಳಿಗೆ ನಡುಗುತ್ತ ಬಂದ ಟಾಂಗಾವಾಲಾಗಳು ಸುತ್ತ ಕೂತು ಕೈಕಾಸಿಕೊಂಡರು, ಒಬ್ಬ ಅದರ ಮುಂದೆ ನಿದ್ದೆಯನ್ನೂ ಹೊಡೆದ.

"ಅರೇ ಭಾಯಿ, ಇದಕ್ಕ ಏನೂ ಬಿಮಾರಿ ಇಲ್ಲ. ಬಿಮಾರಿ ಇಲ್ಲದ್ದಕ್ಕ ನಾ ಏನು ದವಾ ಕೊಡ್ಲಿ?"

"ಮನ್ಯಾಗ ಉರಿಯೂದಿಲ್ಲ ಚಾಚಾ."

"ಹಂಗಾದ್ರ ನಿಮ್ಮನಿ ಎಣ್ಣಿ ಖರಾಬ್ ಇರ್ಬೇಕು. ಇಲ್ಲಿಂದ ಒಂದು ಡಬ್ಬಿ ಒಯ್ಯಿ."

ಮಚ್ಛೇಂದ್ರ ಒಂದು ಕೈಯಲ್ಲಿ ಶೆಗಡಿ, ಇನ್ನೊಂದರಲ್ಲಿ ಎಣ್ಣೆಯ ಡಬ್ಬಿ ಹಿಡಿದು ತಿರುಗಿ ರೈಲು ಹತ್ತಿದ. ಹಾದಿಯುದ್ದಕ್ಕೂ ಅವನ ತಲೆಯಲ್ಲಿ ಹೆಂಡತಿಯ ಮಾತು ಕುಟ್ಟುತ್ತಿತ್ತು. ಮನೆ ಮುಟ್ಟಿದಾಗ ಕೌಸಲ್ಯಾಬಾಯಿ ಗೋಡೆಗೆಲ್ಲ ಸಗಣಿ ಮಣ್ಣು ಬಳಿದು ಕೈ ತೊಳೆಯುತ್ತಿದ್ದಳು. ಹೊಸ್ತಿಲ ಕೆಳಗಿನ ಇರುವೆ ಹೋಗುವ ತೂತನ್ನೂ ಬಿಟ್ಟಿರಲಿಲ್ಲ.

"ಈಗ ನೋಡು, ಹ್ಯಾಂಗ ಉರಿತದ" ಎಂದಳು. ಅವಳ ಮೋರೆಯಲ್ಲಿದ್ದ ಆಸೆ ನೋಡಿ ಮಚ್ಛೇಂದ್ರ ಡಬ್ಬಿಯ ಎಣ್ಣೆಯನ್ನು ಟಾಕಿಗೆ ಸುರಿದ.

ಮರುದಿನ ಮುಂಜಾನೆ ಥಂಡಿ ಗಾಳಿ ಬೀಸುತ್ತಿತ್ತು. ಸುಭದ್ರಾಬಾಯಿ ಬಚ್ಚಲಿನಲ್ಲಿ ಕೂಸಿಗೆ ಬಿಸಿನೀರು ಹಾಕಿದಳು. ಕೂಸು ಅತ್ತಿತು. ಅಳುವನ್ನು ಕೇಳಿ ರೊಟ್ಟಿ ತಿನ್ನುತ್ತಿದ್ದ ಕಾಶೀರಾಮ, "ದನಿ ಬಂದದ ನೋಡು" ಎಂದ. ಕೌಸಲ್ಯಾಬಾಯಿ ಅದನ್ನು ಕಸಿದುಕೊಂಡ ಹಾಗೆ ಸುತ್ತಿ ಒಳಗೆ ಒಯ್ದಳು. ಲೋಬಾನದ ಹೊಗೆ ಹಾಕಿದಳು. ಹೊಸ ಎಣ್ಣೆ ತುಂಬಿದ ಶೆಗಡಿ ಸುಂಯ್ ಎಂದಿತು. ಬಾಗಿಲು ಹಾಕಿ, ಒಳಗಿನಿಂದ ಅಗುಳಿ ಜಡಿದು, ಸಂದಿಗೆ ಬಟ್ಟೆ ತುರುಕಿ, ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗಿದಳು. ಗಾಳಿ ಬಂದರೂ ತನ್ನ ಮೈಮೇಲೇ ಬರಲಿ ಎಂಬುದು ಅವಳ ಲೆಕ್ಕ.

ಶಾಲುಬಾಯಿ ಕೂಸನ್ನು ಎದೆಗೆ ಹಚ್ಚಿಕೊಂಡಳು. ಅದು ಜೋರಾಗಿ ಚೀಪಿತು. ಆಮೇಲೆ ಮೆಲ್ಲಗೆ. ಶೆಗಡಿಯ ಸದ್ದು ತಗ್ಗಿತು. ಉರಿಯ ಅಂಚು ಹಳದಿಯಾಯಿತು. ಅವಳ ತಲೆಯಲ್ಲಿ ಸುತ್ತಿಗೆ ಬಡಿಯತೊಡಗಿತು. ಕೂಸಿನ ಬಾಯಿ ಮೊಲೆಯಿಂದ ಜಾರಿತು. ಅಂಗಾಲು ಕೆರೆದಳು, ಕಾಲು ಎಳೆದುಕೊಳ್ಳಲಿಲ್ಲ. ಮೂಗಿನ ಮುಂದೆ ಬೆರಳು ಹಿಡಿದಳು. ಏನೂ ತಾಗಲಿಲ್ಲ.

"ಅತ್ತೀ, ಬಾಗಲಾ ತೆಗೀರಿ!"

"ಈಗೇ ನೀರು ಬಿದ್ದ ಮೈ ಅದ. ಸುಮ್ಮನ ಮಲ್ಕೊ." ಕೌಸಲ್ಯಾಬಾಯಿಯ ಮಾತು ತೊದಲುತ್ತಿತ್ತು.

"ಕೂಸು ಉಸರಾಡವಲ್ದು ಅತ್ತೀ!"

"ನಿದ್ದಿ ಮಾಡ್ಲತ್ತದ... ಗಾಳಿ ಬರ್ತದ, ತೆಗೀಬ್ಯಾಡ, ನಿನ್ನ ಕಾಲಿಗಿ ಬೀಳ್ತೇನಿ..." ಅವಳು ಏಳಲು ಹೋದಳು, ಕಾಲಲ್ಲಿ ಕಸುವಿರಲಿಲ್ಲ. ಮಲಗಿದಲ್ಲಿಂದಲೇ ಸೊಸೆಯ ಸೀರೆಯ ಸೆರಗು ಹಿಡಿದಳು.

ಹಿರಿಯರನ್ನು ದಾಟಬಾರದು, ದಾಟಿದರೆ ಅವರ ಆಯುಷ್ಯ ಹೋಗುತ್ತದೆ ಎಂದು ಶಾಲುಬಾಯಿ ನಡೆಯಲು ಕಲಿತಂದಿನಿಂದ ಕೇಳಿದವಳು. ಹಿಡಿದ ಸೆರಗನ್ನು ಝಾಡಿಸಿ ಬಿಡಿಸಿಕೊಂಡು ಅಗುಳಿ ಎಳೆದಳು. ಬಾಗಿಲು ಮುದುಕಿಯ ಸೊಂಟಕ್ಕೆ ಬಡಿದು ಅರ್ಧ ತೆರೆಯಿತು. ಅವಳು ಅತ್ತೆಯನ್ನು ದಾಟಿ, ಬಿಚ್ಚುದಲೆಯಲ್ಲಿ, ಬರಿಗಾಲಲ್ಲಿ ಅಂಗಳಕ್ಕೆ ಓಡಿದಳು.

"ಒಳಗ ಒಯ್ಯಿ, ಒಳಗ ಒಯ್ಯಿ!" ಕಾಶೀರಾಮ ಎಂಜಲು ಕೈಯಲ್ಲೇ ಎದ್ದುಬಂದ. ಸುಭದ್ರಾಬಾಯಿ ಹಿಟ್ಟಿನ ಕೈಯಲ್ಲಿ ಓಡಿಬಂದು ಮಗಳ ಮೈಮೇಲೆ ಕಂಬಳಿ ಎಸೆದಳು. ಶಾಲುಬಾಯಿ ಯಾರ ಮಾತನ್ನೂ ಕೇಳಲಿಲ್ಲ. ಕೂಸಿನ ಮೋರೆಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ, ಬೆನ್ನು ತಿಕ್ಕಿದಳು, ತಿಕ್ಕಿದಳು. "ಅಳು, ನಮ್ಮವ್ವಾ, ಅಳು."

ಕೂಸು ಅಳಲಿಲ್ಲ. ಮಚ್ಛೇಂದ್ರ ಕೋಣೆಗೆ ನುಗ್ಗಿ ಮೊದಲು ತಾಯಿಯನ್ನು ಹೊಸ್ತಿಲಿನಾಚೆ ಎಳೆದು ಹಾಕಿದ. ಆಮೇಲೆ ಶೆಗಡಿಯನ್ನು ಎತ್ತಿ ತಂದು ಕೂಸಿನ ಮುಂದಿಟ್ಟ. ಉರಿ ಸಾಯುತ್ತಿತ್ತು. ಪಂಪಿಗೆ ಕೈ ಹಾಕಬೇಕೆನ್ನುವಷ್ಟರಲ್ಲಿ, ಯಾರೂ ಮುಟ್ಟದೆಯೇ, ಅದು ನೀಲಿಗೆ ತಿರುಗಿ ಸುಂಯ್ ಎಂದು ಎದ್ದಿತು. ತಾಮ್ರದ ಬಟ್ಟಲಿನಿಂದ ಕಾವು ಹರಿಯಿತು. ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಆಗ ಕೂಸು ಒಂದು ಸಲ ಬಿಕ್ಕಿತು. ಮತ್ತೊಂದು ಸಲ. ಆಮೇಲೆ ಬಾಯಿ ಅಗಲಿಸಿ ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಶಾಲುಬಾಯಿಯೂ ಅದರ ಜೊತೆಗೆ ಗೊಳೋ ಎಂದು ಅತ್ತಳು. ಸುಭದ್ರಾಬಾಯಿ ಇಬ್ಬರನ್ನೂ ಕಂಬಳಿಯಲ್ಲಿ ಸುತ್ತಿ ಶೆಗಡಿಯ ಮುಂದೆ ಕೂಡಿಸಿದಳು.

ಕೌಸಲ್ಯಾಬಾಯಿ ಹೊಸ್ತಿಲ ಪಕ್ಕದಲ್ಲಿ ಕಾರಿಕೊಂಡು, ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು. ಸೊಸೆ ದಾಟಿದ್ದಕ್ಕೆ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ. ಉರಿಯುವ ಶೆಗಡಿ ನೋಡಿದಳು, ಅಳುವ ಕೂಸು ನೋಡಿದಳು, ಆಮೇಲೆ ಮಗನನ್ನು ಬಹಳ ಹೊತ್ತು ನೋಡಿದಳು.

"ಇವನ್ನ ಹೆತ್ತದ್ದು ಎಲ್ಲಿರಿ ನಾನು?" ಎಂದು ಗಂಡನನ್ನು ಕೇಳಿದಳು.

"ಕಬ್ಬು ಕಡಿಯಾಕ ಹೋದಲ್ಲಿ. ಗುಡಿಸಲದಾಗ. ಈಗ್ಯಾಕ ಅದು?"

"ಚಳಿ ಇತ್ತಲ್ಲ?"

"ಸಂಕ್ರಾಂತಿ ಮುಂದಿತ್ತು. ಇದಕ್ಕಿಂತ ಹೆಚ್ಚು ಚಳಿ."

"ಗುಡಿಸಲಕ್ಕ ಬಾಗಲಾ ಇತ್ತೇನ್ರಿ?"

"ಎಲ್ಲಿ ಬಾಗಲಾ? ಒಂದು ಹರಕ ಸೀರಿ ಕಟ್ಟಿದ್ದಿ" ಎಂದ ಕಾಶೀರಾಮ. ಹೇಳಿದ ಮೇಲೆ ಹೆಂಡತಿ ಏನು ಕೇಳುತ್ತಿದ್ದಾಳೆಂಬುದು ಅವನಿಗೆ ಗೊತ್ತಾಯಿತು. ಎಂಜಲು ಕೈ ಒಣಗಿತ್ತು, ಅದನ್ನು ತೊಳೆಯಲೂ ಅವನಿಗೆ ತೋಚಲಿಲ್ಲ.

"ಹಂಗಾದ್ರ ಆ ಮೂರಕ್ಕ ಗಾಳಿ ಹೊಡೀಲಿಲ್ಲ" ಎಂದಳು ಕೌಸಲ್ಯಾಬಾಯಿ. "ಶೆಗಡಿ ಇಟ್ಟು ಬಾಗಲಾ ಹಾಕಿದಾಕಿ ನಾನು. ಮೂರೂ ಸಲ ನಾನು."

"ಆಗ ಯಾರಿಗಿ ಗೊತ್ತಿತ್ತು? ಏ ಮಚ್ಛೇಂದ್ರನ ಅವ್ವಾ, ಇತ್ತ ನೋಡು, ಆಗ ಯಾರಿಗಿ ಗೊತ್ತಿತ್ತು?"

ಅವಳು ಅತ್ತ ನೋಡಲಿಲ್ಲ. ಶಾಲುಬಾಯಿ ಕಂಬಳಿ ಸರಿಸಿ ಎದ್ದು, ಅತ್ತೆಯ ಮುಂದೆ ಮೊಳಕಾಲೂರಿ, ಅಳುವ ಕೂಸನ್ನು ಚಾಚಿದಳು. "ತಗೋರಿ ಅತ್ತೀ. ನಿಮ್ಮ ಮೊಮ್ಮಗಳು ಇದ್ದಾಳ್ರಿ. ತಗೋರಿ."

ಕೌಸಲ್ಯಾಬಾಯಿ ಎರಡೂ ಕೈಗಳನ್ನು ಸೀರೆಯೊಳಗೆ ಮುಚ್ಚಿಟ್ಟುಕೊಂಡಳು.

"ಬ್ಯಾಡ. ನನ್ನ ಕೈಯಾಗ ಕೊಡಬ್ಯಾಡ."

ಕೂಸು ಅಳುತ್ತಲೇ ಇತ್ತು. ಅದನ್ನು ಸುಮ್ಮನಿರಿಸಲು ಅಂಗಳದಲ್ಲಿ ಯಾರೂ ಹೋಗಲಿಲ್ಲ.